ಆಂಟಿಬಯೋಟಿಕ್ ಸ್ಟೀವರ್ಡ್‌ಶಿಪ್: ಔಷಧಿ ಕೊಡುವವರ ಕೈಯಲ್ಲಿರುವ ಜೋಪಾನ

ಔಷಧ ನಿರೋಧಕತೆ, ಅಂದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುವುದು, ಇದರ ಬಗ್ಗೆ ಏನೇ ಓದಲು ಹೊರಟರೂ 'ಸ್ಟೀವರ್ಡ್‌ಶಿಪ್' ಅನ್ನುವ ಪದ ಎದುರಾಗುತ್ತದೆ. ಇದನ್ನು ಉಸ್ತುವಾರಿ ಅನ್ನಬಹುದು, ನಿರ್ವಹಣೆ ಅನ್ನಬಹುದು. ತಪ್ಪೇನಿಲ್ಲ. ಆದರೆ ನನಗೆ ಸರಿಯಾಗಿ ಕೂರುತ್ತದೆ ಅನಿಸುವುದು ನಾವು ದಿನಾ ಆಡುವ ಇನ್ನೊಂದು ಮಾತು: ಜೋಪಾನ.

ಹಳೆಯ ಇಂಗ್ಲಿಷಿನಲ್ಲಿ ಸ್ಟೀವರ್ಡ್ ಅಂದರೆ ಮನೆ ಕಾಯುವವನು. ಮನೆ ಅವನದಲ್ಲ, ಉಗ್ರಾಣದ ಬೀಗದ ಕೈ ಮಾತ್ರ ಅವನ ಸೊಂಟದಲ್ಲಿ. ಇವತ್ತು ಹಸಿದವರಿಗೆ ಕೊಡಬೇಕು, ನಾಳೆ ಬರುವವರಿಗೂ ಉಳಿಸಬೇಕು. 1996ರಲ್ಲಿ ಜಾನ್ ಮೆಕ್‌ಗೋವನ್ ಮತ್ತು ಡೇಲ್ ಗೆರ್ಡಿಂಗ್ ಎಂಬ ಇಬ್ಬರು ವೈದ್ಯರು ಈ ಪದವನ್ನು ಬ್ಯಾಕ್ಟೀರಿಯಾಗಳನ್ನು ಹೊಡೆಯುವ ಔಷಧಿಗಳ, ಅಂದರೆ ಆಂಟಿಬಯೋಟಿಕ್‌ಗಳ ವಿಷಯಕ್ಕೆ ತಂದರು. ಆಂಟಿಬಯೋಟಿಕ್ ಕೂಡ ಹಾಗೇ ಅಲ್ವಾ? ಬೇಕಾದವರಿಗೆ ತಕ್ಷಣ ಸಿಗಬೇಕು, ಬೇಡದ ಕಡೆ ಖರ್ಚಾಗಬಾರದು. ಈ ಉಗ್ರಾಣದ ಬೀಗದ ಕೈ ಹಿಡಿದವರಲ್ಲಿ ವೈದ್ಯರ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಫಾರ್ಮಸಿಸ್ಟ್ ಹೆಸರು ನೆನಪಾಗುವುದು ಕಡಿಮೆ. ಮಾತ್ರೆ ರೋಗಿಯ ಕೈ ಸೇರುವ ಮುಂಚೆ ಸಾಮಾನ್ಯವಾಗಿ ಅವರ ಕೈ ದಾಟಿಯೇ ಬರುತ್ತದೆ, ಆದರೂ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. 'ನನ್ನ ದೇಹಕ್ಕೆ ಆ ಮಾತ್ರೆ ಅಭ್ಯಾಸವಾಗಿಬಿಟ್ಟಿದೆ, ಈಗ ಅದು ಕೆಲಸ ಮಾಡುವುದಿಲ್ಲ' ಅಂತ ತುಂಬಾ ಜನ ಹೇಳುತ್ತಾರೆ. ಔಷಧಿಗೆ ಜಗ್ಗದಂತೆ ಆಗುವುದು ನಮ್ಮ ದೇಹ ಅಲ್ಲ, ರೋಗಾಣು. ಕೆಲವು ಬ್ಯಾಕ್ಟೀರಿಯಾಗಳು ಔಷಧಿಯನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಕೆಲವು ಒಳಗೆ ಬಂದ ಔಷಧಿಯನ್ನು ಪಂಪ್ ಹಾಕಿದ ಹಾಗೆ ಹೊರಗೆ ದಬ್ಬುತ್ತವೆ. ಈ ವಿದ್ಯೆಯ ಜೀನ್‌ಗಳನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ, ಅದು ಬೇರೆ ಜಾತಿಯದಾದರೂ ಸರಿ. ಹಾಗಾಗಿ ಜೀವನದಲ್ಲಿ ಒಂದೂ ಆಂಟಿಬಯೋಟಿಕ್ ನುಂಗದ ಮಗುವಿಗೂ ಔಷಧಿಗೆ ಬಗ್ಗದ ಸೋಂಕು ತಗಲಬಹುದು.

ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ಏನಾಗುತ್ತದೆ ನೋಡಿ. ನೆಗಡಿ ತರುವುದು ವೈರಸ್. ಅದಕ್ಕೆ ಆ ಮಾತ್ರೆಯಿಂದ ಏನೂ ಆಗುವುದಿಲ್ಲ. ಆದರೆ ಕರುಳಿನಲ್ಲಿ ನೆಮ್ಮದಿಯಾಗಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮೇಲೆ ಪೆಟ್ಟು ಬೀಳುತ್ತದೆ. ಮೆತ್ತಗಿರುವವು ಸಾಯುತ್ತವೆ, ಗಟ್ಟಿಯಾದವು ಉಳಿದು ಜಾಗ ಹಿಡಿಯುತ್ತವೆ. 'ಸುಮ್ನೆ ಇರಲಿ ಅಂತ ತಗೊಂಡೆ' ಅನ್ನುವ ಮಾತ್ರೆಯೂ ಸುಮ್ಮನೆ ಇರುವುದಿಲ್ಲ.

2019ರಲ್ಲಿ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆಯೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. ನಿರೋಧಕತೆಯ ನಂಟಿದ್ದ ಸಾವುಗಳನ್ನೆಲ್ಲ ಸೇರಿಸಿದರೆ 49.5 ಲಕ್ಷ. ಇದು ಯಾರೂ ಊಹಿಸದ ಕಷ್ಟವೂ ಅಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬರಬಹುದು, ಆಗ ತಿಳಿಯದವರು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು ರೋಗಾಣುಗಳನ್ನು ಗಟ್ಟಿ ಮಾಡಬಹುದು ಅಂತ. ಅವರ ಎಚ್ಚರಿಕೆಯಲ್ಲಿ ಬಂದದ್ದು ಆಸ್ಪತ್ರೆ ಅಲ್ಲ, ಅಂಗಡಿ. ನಾನು ಈ ಪದದ ಅರ್ಥ ಹೇಳುವಾಗ ಔಷಧಿ ಕೌಂಟರಿಗೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಕೌಂಟರಿನಲ್ಲಿ ಜೋಪಾನ ಶುರುವಾಗುವುದು ಪ್ರಶ್ನೆಯಿಂದ. ಎಷ್ಟು ದಿನದಿಂದ ಜ್ವರ? ಕೆಮ್ಮು ಇದೆಯಾ? ಯಾರಿಗೆ ಈ ಔಷಧಿ? ಬೇರೆ ಏನಾದರೂ ಮಾತ್ರೆ ನಡೀತಿದೆಯಾ? ಗಂಟಲು ನೋವು ಅಂತ ಬಂದವರಿಗೆ ಮೂಗು ಸೋರುವುದು, ಕೆಮ್ಮು, ದನಿ ಕಟ್ಟುವುದು ಜೊತೆಗಿದ್ದರೆ ಅದು ವೈರಸ್ ಇರುವ ಸಾಧ್ಯತೆಯೇ ಹೆಚ್ಚು. ಆಗ ಜ್ವರ, ನೋವು ಇಳಿಸುವ ಔಷಧಿ ಕೊಟ್ಟು, ಕೆಮ್ಮು ಎರಡು ಮೂರು ವಾರ ಎಳೆಯಬಹುದು ಅಂತ ಮೊದಲೇ ಹೇಳಿ ಕಳಿಸಿದರೆ ಅರ್ಧ ಕೆಲಸ ಆದ ಹಾಗೆ. ಎಷ್ಟೋ ಜನ ಆಂಟಿಬಯೋಟಿಕ್ ಕೇಳುವುದು ಕಾಯಿಲೆ ಜೋರಾಗಿದೆ ಅಂತ ಅಲ್ಲ, ಐದು ದಿನಕ್ಕೂ ವಾಸಿಯಾಗಲಿಲ್ಲ ಅನ್ನುವ ಗಾಬರಿಗೆ. ಉಸಿರಾಡಲು ಕಷ್ಟ, ಮಂಪರು, ನೀರೂ ಕುಡಿಯದ ಮಗು ಇಂಥವು ಕಂಡರೆ ಮಾತು ಬೇರೆ. ಆಗ ಒಂದು ಗಳಿಗೆಯೂ ತಡಮಾಡದೆ ವೈದ್ಯರ ಹತ್ತಿರ ಕಳಿಸಬೇಕು. ಅದೂ ಇದೇ ಕೆಲಸದ ಭಾಗ.

ಚೀಟಿ ಇಲ್ಲದೆ ಕೇಳಿದವರಿಗೆ 'ಇಲ್ಲ' ಅನ್ನುವುದು ಹೇಳಿದಷ್ಟು ಸುಲಭವಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವ ಭಯ ಇರುತ್ತದೆ. ಕೆಲಸಕ್ಕೆ ರಜೆ ಹಾಕಲಾಗದೆ ಬಂದವರ ಮುಖ ನೋಡಿದರೆ ಮನಸ್ಸು ಕರಗುತ್ತದೆ. ಆದರೂ ಕಾರಣ ಹೇಳಿ 'ಇಲ್ಲ' ಅನ್ನುವ ಫಾರ್ಮಸಿಸ್ಟ್ ಆ ಹೊತ್ತು ಚಿಕಿತ್ಸೆಯನ್ನೇ ಮಾಡುತ್ತಿದ್ದಾರೆ ಅಂತ ನಾನು ಮನಸಾರೆ ನಂಬಿದ್ದೇನೆ. ಅವರ ಮೇಲೆ ಕೂಗಾಡುವುದು ನ್ಯಾಯವಲ್ಲ.

ಇನ್ನು ಆಂಟಿಬಯೋಟಿಕ್ ನಿಜಕ್ಕೂ ಬೇಕಾದಾಗ ಅದನ್ನು ಹೇಗೆ ತೆಗೆದುಕೊಳ್ಳಬೇಕು ಅನ್ನುವುದು. ಸಣ್ಣ ವಿಷಯ ಅನಿಸುತ್ತದೆ, ಆದರೆ ಎಡವುವುದು ಇಲ್ಲೇ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲಿನ ಜೊತೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಸೇರಬೇಕಾದ ಔಷಧಿ ಕರುಳಲ್ಲೇ ಉಳಿಯುತ್ತದೆ. ಕಬ್ಬಿಣದ ಮಾತ್ರೆ, ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಕೂಡ ಹಾಗೇ. ರೋಗಿ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿರುತ್ತಾರೆ, ರೋಗಾಣುವಿಗೆ ಸಿಕ್ಕಿದ್ದು ಮಾತ್ರ ಅರೆಬರೆ ಪೆಟ್ಟು. ಮಕ್ಕಳ ಸಿರಪ್ ಇನ್ನೊಂದು. ಪುಡಿ ಇರುವ ಬಾಟಲಿಗೆ ಗುರುತಿನವರೆಗೆ ನೀರು ಹಾಕಿ ಕಲಸಬೇಕು. ಜಾಸ್ತಿಯಾದರೆ ಔಷಧಿ ತೆಳುವಾಗುತ್ತದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇರುವ ಸಿರಪ್ಪನ್ನು ಕಲಸಿದ ಮೇಲೆ ಫ್ರಿಜ್‌ನಲ್ಲಿಡಬೇಕು. ಅದರ ಆಯಸ್ಸು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಡುಗೆಮನೆಯ ಚಮಚದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಅಳತೆಯ ಮುಚ್ಚಳವೋ ಸಿರಿಂಜೋ ಬೇಕು. ಇದನ್ನೆಲ್ಲ ಎರಡು ನಿಮಿಷ ನಿಂತು ಹೇಳುವವರು ಫಾರ್ಮಸಿಸ್ಟ್ ಬಿಟ್ಟರೆ ಬೇರೆ ಯಾರಿದ್ದಾರೆ?

'ಕೋರ್ಸ್ ಪೂರ್ತಿ ಮಾಡಿ' ಅನ್ನುವ ಮಾತಿಗೂ ಈಗ ಸ್ವಲ್ಪ ತಿದ್ದುಪಡಿ ಬಂದಿದೆ. ಹಲವು ಸಾಮಾನ್ಯ ಸೋಂಕುಗಳಿಗೆ ಉದ್ದನೆಯ ಕೋರ್ಸಿನಷ್ಟೇ ಚಿಕ್ಕ ಕೋರ್ಸೂ ಸಾಕು ಅಂತ ಅಧ್ಯಯನಗಳು ತೋರಿಸಿವೆ. ಬೇಕಾದ್ದಕ್ಕಿಂತ ಜಾಸ್ತಿ ದಿನ ತೆಗೆದುಕೊಂಡರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅಷ್ಟು ದಿನ ಹೆಚ್ಚು ಪೆಟ್ಟು. ಹಾಗಂತ ಮೂರನೇ ದಿನ ಜ್ವರ ಬಿಟ್ಟಿತು ಅಂತ ನಾವೇ ನಿಲ್ಲಿಸುವ ಹಾಗಿಲ್ಲ. ಕ್ಷಯದಂಥ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ತಪ್ಪದೆ ನುಂಗಲೇಬೇಕು. ಎಷ್ಟು ದಿನ ಅನ್ನುವುದು ಸೋಂಕಿನ ಮೇಲೆ ನಿಂತಿದೆ. ಚೀಟಿಯಲ್ಲಿ ದಿನದ ಲೆಕ್ಕವೇ ಬರೆದಿಲ್ಲದಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳುವುದು ಫಾರ್ಮಸಿಸ್ಟ್ ಕೆಲಸ.

ನಿರೋಧಕತೆ ಬರೀ ಬ್ಯಾಕ್ಟೀರಿಯಾದ ಕಥೆಯೂ ಅಲ್ಲ. ಹುಳಕಡ್ಡಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಶಿಲೀಂಧ್ರದ ಔಷಧಿ ಜೊತೆ ಸ್ಟೆರಾಯ್ಡ್ ಕೂಡ ಇರುತ್ತದೆ. ಸ್ಟೆರಾಯ್ಡ್ ತುರಿಕೆ ಇಳಿಸುತ್ತದೆ, ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ, ಹುಳಕಡ್ಡಿ ಒಳಗೊಳಗೇ ಹರಡುತ್ತದೆ. ಶಿಲೀಂಧ್ರದ ಔಷಧಿಯಾದ ಟರ್ಬಿನಫಿನ್‌ಗೆ ಬಗ್ಗದ ಹುಳಕಡ್ಡಿ ಈಗ ಹಲವು ದೇಶಗಳ ಚರ್ಮದ ವೈದ್ಯರನ್ನು ಕಾಡುತ್ತಿದೆ. 'ಹೋದ ಸಲದ ಅದೇ ಟ್ಯೂಬ್ ಕೊಡಿ' ಅಂದವರನ್ನು ಒಂದು ಕ್ಷಣ ನಿಲ್ಲಿಸಿ ವಿಚಾರಿಸುವುದಕ್ಕೆ ಬೆಲೆ ಇದೆ.

ಆಸ್ಪತ್ರೆಯ ಒಳಗೆ ಕೆಲಸದ ರೂಪ ಬೇರೆ. ಅಲ್ಲಿ ಸ್ಟೀವರ್ಡ್‌ಶಿಪ್ ತಂಡದಲ್ಲಿ ಸೋಂಕು ರೋಗದ ವೈದ್ಯರು, ಮೈಕ್ರೋಬಯಾಲಜಿಸ್ಟ್, ನರ್ಸ್ ಜೊತೆ ಫಾರ್ಮಸಿಸ್ಟ್ ಕೂಡ ಇರುತ್ತಾರೆ. ಜೀವ ಹೋಗುವ ಸ್ಥಿತಿಯಲ್ಲಿ ಬಂದ ರೋಗಿಗೆ ಮೊದಲು ಹಲವು ಬಗೆಯ ರೋಗಾಣುಗಳನ್ನು ಹೊಡೆಯುವ ಔಷಧಿ ಶುರು ಮಾಡುತ್ತಾರೆ, ಅದು ಸರಿಯೇ. 48ರಿಂದ 72 ಗಂಟೆಯಲ್ಲಿ ಕಲ್ಚರ್ ವರದಿ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆಯ ಫಲಿತಾಂಶ) ಕೈಗೆ ಬಂದಾಗ ನಿಜವಾದ ಪ್ರಶ್ನೆ ಏಳುತ್ತದೆ: ಇದೇ ಮುಂದುವರಿಯಬೇಕಾ, ಗುರಿಯಿಟ್ಟು ಹೊಡೆಯುವ ಔಷಧಿಗೆ ಇಳಿಯಬಹುದಾ, ನಿಲ್ಲಿಸಬಹುದಾ, ಡ್ರಿಪ್ ಬಿಟ್ಟು ಮಾತ್ರೆ ಕೊಡಬಹುದಾ? ವಾರ್ಡಿನ ಗಡಿಬಿಡಿಯಲ್ಲಿ ಈ ಪ್ರಶ್ನೆ ಮರೆತುಹೋಗುತ್ತದೆ. ಫೈಲ್ ತೆರೆದು ನೆನಪಿಸುವವರು ಬೇಕು. ಮೂತ್ರಪಿಂಡ ಸೋತಿದ್ದರೆ ಡೋಸ್ ಲೆಕ್ಕ ಹಾಕುವುದು, ವ್ಯಾಂಕೋಮೈಸಿನ್, ಜೆಂಟಾಮೈಸಿನ್‌ನಂಥ ಔಷಧಿಗಳ ಮಟ್ಟ ರಕ್ತದಲ್ಲಿ ಎಷ್ಟಿದೆ ಅಂತ ನೋಡಿ ಹೊಂದಿಸುವುದು, ಇವೂ ಫಾರ್ಮಸಿಸ್ಟರದೇ ಪರಿಣತಿ.

ಯಾವ ಔಷಧಿ ಮೊದಲು, ಯಾವುದು ಕೊನೆಗೆ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಂದು ವಿಂಗಡಣೆ ಮಾಡಿತು, ಹೆಸರು 'ಅವೇರ್'. ಮೊದಲ ಗುಂಪು 'ಆಕ್ಸೆಸ್', ಅಂದರೆ ಸಾಮಾನ್ಯ ಸೋಂಕಿಗೆ ಕೈಗೆ ಸಿಗಬೇಕಾದವು. ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಇಲ್ಲಿದೆ. ಎರಡನೆಯದು 'ವಾಚ್', ಕಣ್ಣಿಟ್ಟು ಬಳಸಬೇಕಾದವು. ಅಜಿತ್ರೋಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಇಲ್ಲಿ ಬರುತ್ತವೆ. ಮೂರನೆಯದು 'ರಿಸರ್ವ್', ಬೇರೇನೂ ಕೆಲಸ ಮಾಡದಾಗ ಮಾತ್ರ. ಕೊಲಿಸ್ಟಿನ್ ಈ ಗುಂಪಿನದು. ಜಗತ್ತಿನಲ್ಲಿ ಜನ ಬಳಸುವ ಆಂಟಿಬಯೋಟಿಕ್‌ಗಳಲ್ಲಿ 70 ಪ್ರತಿಶತವಾದರೂ ಆಕ್ಸೆಸ್ ಗುಂಪಿನವೇ ಆಗಿರಬೇಕು ಅನ್ನುವ ಗುರಿಯನ್ನು 2024ರಲ್ಲಿ ವಿಶ್ವಸಂಸ್ಥೆಯ ಸಭೆ ಒಪ್ಪಿಕೊಂಡಿತು.

ಈ ಗುರಿಗೆ ಅಡ್ಡ ಬರುವ ಒಂದು ಸಂಗತಿ ಮಾತ್ರ ನನ್ನನ್ನು ತುಂಬಾ ಕಾಡುತ್ತದೆ. ನೂರಕ್ಕೆ ಹತ್ತರಷ್ಟು ಜನರ ದಾಖಲೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಅಂತ ಬರೆದಿರುವ ದೇಶಗಳಿವೆ. ಪರೀಕ್ಷೆ ಮಾಡಿ ನೋಡಿದರೆ ಅಂಥವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅಲರ್ಜಿ ಇರುವುದಿಲ್ಲ. ಚಿಕ್ಕಂದಿನಲ್ಲಿ ಸಿರಪ್ ಕುಡಿದಾಗ ಭೇದಿಯಾಗಿರುತ್ತದೆ. ಇಲ್ಲವೇ ವೈರಸ್ ಜ್ವರದಿಂದಲೇ ಮೈಮೇಲೆ ಗುಳ್ಳೆ ಎದ್ದಿರುತ್ತವೆ. ಅವತ್ತು ಬರೆದ ಎರಡು ಪದ ಮೂವತ್ತು ವರ್ಷ ಬೆನ್ನು ಬೀಳುತ್ತದೆ, ಪ್ರತಿ ಸಲವೂ ಆಕ್ಸೆಸ್ ಬಿಟ್ಟು ವಾಚ್ ಗುಂಪಿನ ಔಷಧಿಗೆ ತಳ್ಳುತ್ತದೆ. ಇಲ್ಲಿ ಫಾರ್ಮಸಿಸ್ಟ್ ಕೇಳಬೇಕಾದ್ದು ಇಷ್ಟೇ: ಯಾವಾಗ ಆಗಿದ್ದು, ಏನಾಯಿತು, ಆಮೇಲೆ ಆ ಜಾತಿಯ ಔಷಧಿ ತಗೊಂಡಿದ್ದೀರಾ? ಮುಖ ಊದಿತ್ತು, ಉಸಿರು ಕಟ್ಟಿತ್ತು ಅಂದರೆ ಎಚ್ಚರಿಕೆ ಹಾಗೇ ಇರಲಿ. 'ಹೊಟ್ಟೆ ಕೆಟ್ಟಿತ್ತು ಅಷ್ಟೇ' ಅನ್ನುವ ಉತ್ತರ ಬಂದರೆ ವೈದ್ಯರಿಗೆ ತಿಳಿಸಿ ಪರೀಕ್ಷೆಗೆ ಕಳಿಸಬಹುದು, ಆ ಎರಡು ಪದ ದಾಖಲೆಯಿಂದ ಅಳಿಸಿಹೋಗಬಹುದು.