ಗೋಡೆಯ ಸುಣ್ಣವೂ ಗಾಳಿಯ ಇಂಗಾಲವೂ

ಸುಣ್ಣ ಬಳಿದ ಗೋಡೆಯು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತದೆ ಎಂಬುದು ನಿಜ. ಆದ್ದರಿಂದ ಸುಣ್ಣದ ಗಾರೆಯ ಮನೆ ಕಟ್ಟಿದವರು ವಾತಾವರಣದ ಇಂಗಾಲವನ್ನು ಕಡಿಮೆ ಮಾಡಿದಂತಾಯಿತು ಎಂಬುದು ನಿಜವಲ್ಲ. ಈ ತಪ್ಪು ತಿಳಿವಳಿಕೆ ಓದಿದವರಲ್ಲಿಯೂ ಬೇರೂರಿರುವುದರಿಂದ ಅದನ್ನು ಬಿಡಿಸಿ ನೋಡಬೇಕಾಗಿದೆ. ಗಾಳಿಯಿಂದ ಇಂಗಾಲವನ್ನು ತೆಗೆಯುವ ದೊಡ್ಡ ದೊಡ್ಡ ಯೋಜನೆಗಳನ್ನು ಅಳೆಯುವ ಕೋಲೂ ಇದೇ ಸುಣ್ಣದಲ್ಲಿದೆ.

ಭಟ್ಟಿಯಲ್ಲಿ 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಹೊರಟುಹೋಗುತ್ತದೆ. ಎಡಿನ್‌ಬರೊದ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ತಕ್ಕಡಿ ಹಿಡಿದು ಕಂಡುಕೊಂಡದ್ದು ಇದನ್ನೇ: ಕಲ್ಲಿನೊಳಗೆ ಒಂದು ಗಾಳಿ ಸೆರೆಯಾಗಿದೆ, ಕಾಯಿಸಿದರೆ ಅದು ಹೊರಬರುತ್ತದೆ, ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಅದೇ ಗಾಳಿ ನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣವು ಗೋಡೆಯ ಮೇಲೆ ವರ್ಷಗಟ್ಟಲೆ ಮರಳಿ ಪಡೆಯುವುದು ಭಟ್ಟಿಯಲ್ಲಿ ಕಳೆದುಕೊಂಡ ಆ 44 ಕಿಲೋವನ್ನು ಮಾತ್ರ, ಅದನ್ನೂ ಹೆಚ್ಚೆಂದರೆ. ಭಟ್ಟಿಗೆ ಹಾಕಿದ ಕಲ್ಲಿದ್ದಲಿನ ಹೊಗೆ ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. ಸಾಲ ತಂದ ಹಣವನ್ನು ಬಡ್ಡಿ ಬಿಟ್ಟು ತೀರಿಸಿದವನನ್ನು ದಾನಿ ಎಂದು ಕರೆಯುವುದಿಲ್ಲವಷ್ಟೆ.

ಹಾಗಾದರೆ ಭಟ್ಟಿಯ ಬಾಯಿಯನ್ನೇ ಮುಚ್ಚಿ, ಹೊರಟ ಅನಿಲವನ್ನು ಕೊಳವೆಯಲ್ಲಿ ಹಿಡಿದು ಭೂಮಿಯ ಆಳಕ್ಕೆ ಇಳಿಸಿದರೆ? ಆಗ ಅದೇ ಸುಣ್ಣ ಮತ್ತೆ ಮತ್ತೆ ಗಾಳಿಯ ಇಂಗಾಲವನ್ನು ಹೊತ್ತು ತರುವ ಕೂಲಿಯಾಗುತ್ತದೆ. ಭೌತವಿಜ್ಞಾನಿ ಕ್ಲಾಸ್ ಲ್ಯಾಕ್ನರ್ ಮತ್ತು ಸಂಗಡಿಗರು 1999ರಲ್ಲಿ ಮುಂದಿಟ್ಟ ಯೋಚನೆಯ ತಿರುಳು ಇದು. ಅಮೆರಿಕದ ಟೆಕ್ಸಾಸ್‌ನಲ್ಲಿ ಗಾಳಿಯಿಂದ ವರ್ಷಕ್ಕೆ 5 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಗುರಿಯಿಟ್ಟು ಕಟ್ಟಿದ ಸ್ಟ್ರಾಟೋಸ್ ಸ್ಥಾವರದ ರಸಾಯನದಲ್ಲಿಯೂ ಈ ಸುಣ್ಣದ ಚಕ್ರವೇ ಇದೆ. ತೊಡಕಿರುವುದು ಗಾಳಿಯ ತೆಳುವಿನಲ್ಲಿ. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ನಾಲ್ಕಕ್ಕಿಂತ ತುಸು ಹೆಚ್ಚು. ಒಂದು ಟನ್ ಹಿಡಿಯಬೇಕಾದರೆ, ಒಂದು ಅಣುವೂ ತಪ್ಪಿಸಿಕೊಳ್ಳದಿದ್ದರೂ, ಸುಮಾರು 13 ಲಕ್ಷ ಘನ ಮೀಟರ್ ಗಾಳಿಯನ್ನು ಸೋಸಬೇಕು. ಆಮೇಲೆ ಹಿಡಿದ ಅನಿಲವನ್ನು ಸುಣ್ಣದಿಂದ ಬಿಡಿಸಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖವನ್ನು ಕಲ್ಲಿದ್ದಲಿನ ವಿದ್ಯುತ್ತಿನಿಂದ ಪಡೆದರೆ ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚಾಗುತ್ತದೆ.

ನನಗೆ ಹೆಚ್ಚು ಪ್ರಿಯವಾದ ದಾರಿ ಬೇರೊಂದಿದೆ. ಸುಣ್ಣದಕಲ್ಲಿನ ಕ್ಯಾಲ್ಸಿಯಂ ಆಗಲೇ ಇಂಗಾಲದ ಕೈಹಿಡಿದಿದೆ. ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆಯ ಕ್ಯಾಲ್ಸಿಯಂ ಸಿಲಿಕಾದ ಜೊತೆಗಿದೆ, ಇಂಗಾಲದ ಋಣ ಅದಕ್ಕಿಲ್ಲ. ಮಳೆನೀರು ಗಾಳಿಯ ಹಾಗೂ ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳು ಆಮ್ಲವಾಗಿ ಈ ಕಲ್ಲನ್ನು ತಿನ್ನುತ್ತದೆ, ಇಂಗಾಲವು ಬೈಕಾರ್ಬೊನೇಟ್ ಎಂಬ ಕರಗಿದ ರೂಪ ತಾಳಿ ಹೊಳೆಗಳ ಮೂಲಕ ಕಡಲನ್ನು ಸೇರಿ ಸಾವಿರಾರು ವರ್ಷ ಅಲ್ಲಿಯೇ ಇರುತ್ತದೆ. ಕಲ್ಲು ಸವೆಯುವ ಈ ಕೆಲಸವನ್ನು ಭೂಮಿ ಯಾರ ಹಂಗೂ ಇಲ್ಲದೆ ಮಾಡುತ್ತಿದೆ, ಆದರೆ ನಿಧಾನವಾಗಿ: ಜಗತ್ತಿನ ಎಲ್ಲ ಬಂಡೆಗಳೂ ಸೇರಿ ವರ್ಷಕ್ಕೆ ಹಿಡಿಯುವುದು ಅಂದಾಜು 100 ಕೋಟಿ ಟನ್ ಇಂಗಾಲದ ಡೈಆಕ್ಸೈಡ್, ನಾವು ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಬಿಡುವುದು 3,700 ಕೋಟಿ ಟನ್ನಿಗೂ ಹೆಚ್ಚು. ವೇಗ ಹೆಚ್ಚಿಸುವ ಉಪಾಯ ಅಡುಗೆಮನೆಯಲ್ಲಿದೆ. ಕಲ್ಲುಸಕ್ಕರೆ ಕರಗಲು ಹೊತ್ತು ಹಿಡಿಯುತ್ತದೆ, ಪುಡಿ ಮಾಡಿದರೆ ಕ್ಷಣದಲ್ಲಿ ಕರಗುತ್ತದೆ. ಇಡಿಯ ಮೆಣಸಿಗಿಂತ ಕುಟ್ಟಿದ ಮೆಣಸು ಸಾರಿಗೆ ಬೇಗ ಖಾರ ಬಿಡುತ್ತದೆ. ಒಂದು ಸೆಂಟಿಮೀಟರಿನ ಕಲ್ಲಿನ ಘನವನ್ನು 0.1 ಮಿಲಿಮೀಟರಿನ ಚೂರುಗಳಾಗಿಸಿದರೆ ನೀರಿಗೆ ಸಿಗುವ ಮೈ 100 ಪಟ್ಟು ಹಿಗ್ಗುತ್ತದೆ. ಬಸಾಲ್ಟ್ ಪುಡಿಯನ್ನು ಭಾರತದ ಸಣ್ಣ ರೈತರ ಹೊಲಗಳಿಗೆ ಹರಡುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರ ಏಪ್ರಿಲ್‌ನಲ್ಲಿ ಗಾಳಿಯಿಂದ ಇಂಗಾಲ ತೆಗೆಯುವ ಸ್ಪರ್ಧೆಯ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಹುಮಾನ ದೊರೆತದ್ದು ಈ ದಾರಿಗೆ ಸಂದ ದೊಡ್ಡ ಮನ್ನಣೆ.

ಇಲ್ಲಿಯೂ ಭಟ್ಟಿಯ ಲೆಕ್ಕವನ್ನು ಮರೆಯುವಂತಿಲ್ಲ. ಯೂರಿಯಾ ಹಾಕಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಂದ ನೈಟ್ರಿಕ್ ಆಮ್ಲ ಹುಟ್ಟುತ್ತದೆ. ಬಸಾಲ್ಟ್ ಪುಡಿ ಆ ಆಮ್ಲವನ್ನು ತಣಿಸುವುದರಲ್ಲೇ ಕರಗಿದರೆ ಮಣ್ಣಿಗೆ ಒಳಿತಾದೀತು, ಗಾಳಿಯಿಂದ ಇಂಗಾಲ ಮಾತ್ರ ಇಳಿಯದು. ಆದ್ದರಿಂದ ಇಷ್ಟು ಟನ್ ಪುಡಿ ಹರಡಿದೆವು ಎಂಬ ರಸೀದಿಯನ್ನು ನೋಡಿ ಕಾರ್ಬನ್ ಕ್ರೆಡಿಟ್, ಅಂದರೆ ತೆಗೆದ ಅಥವಾ ಬಿಡದೆ ಉಳಿಸಿದ ಇಂಗಾಲಕ್ಕೆ ಸಿಗುವ ಮಾರಬಹುದಾದ ಪ್ರಮಾಣಪತ್ರ, ಕೊಡುವುದು ತಪ್ಪು. ಭಾರತವು 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನು ಪ್ರಕಟಿಸಿದೆ, 2070ಕ್ಕೆ ನಿವ್ವಳ ಶೂನ್ಯವನ್ನು, ಅಂದರೆ ಬಿಟ್ಟಷ್ಟನ್ನೂ ಮರಳಿ ತೆಗೆಯುವ ಸ್ಥಿತಿಯನ್ನು, ಮುಟ್ಟುವ ಮಾತು ಕೊಟ್ಟಿದೆ. ತೆಗೆದ ಟನ್ನನ್ನೂ ಬಿಡದೆ ಉಳಿಸಿದ ಟನ್ನನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ, ನಾಳೆ ಹೀರುವ ಭರವಸೆಯ ಮೇಲೆ ಇಂದು ಹೊಗೆಯುಗುಳಲು ಕಾರ್ಖಾನೆಗಳಿಗೆ ಪರವಾನಗಿ ಕೊಟ್ಟಂತಾಗುತ್ತದೆ. ಎರಡಕ್ಕೂ ಬೇರೆ ಬೇರೆ ಗುರಿ ಇರಲೇಬೇಕು.

ಕರ್ನಾಟಕದ ಮಟ್ಟಿಗೆ ಭೂಗೋಳವೇ ಒಂದು ಒಗಟನ್ನು ಒಡ್ಡಿದೆ. ಬಸಾಲ್ಟ್ ಇರುವುದು ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆ. ಬೆಂಗಳೂರಿನ ಸುತ್ತಲಿನ ಕ್ರಷರ್‌ಗಳ ದೂಳು ಗ್ರಾನೈಟ್ ಮತ್ತು ನೈಸ್ ಶಿಲೆಗಳದು, ಅದು ಬಹಳ ನಿಧಾನವಾಗಿ ಕರಗುತ್ತದೆ. ಬಸಾಲ್ಟ್ ಸವೆದು ಹುಟ್ಟಿದ ಎರೆಭೂಮಿ ಆಗಲೇ ಕ್ಷಾರೀಯ, ಮಳೆಯೂ ಕಡಿಮೆ. ಕಲ್ಲು ಬೇಗ ಕರಗುವ ಆಮ್ಲೀಯ ಮಣ್ಣು ಮತ್ತು ಜಡಿಮಳೆ ಇರುವುದು ಮಲೆನಾಡಿನಲ್ಲಿ. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಮೂರು ಟನ್ ಅಥವಾ ಅದಕ್ಕೂ ಹೆಚ್ಚು ಪುಡಿ ಬೇಕು. ಅದನ್ನು 400 ಕಿಲೋಮೀಟರ್ ದೂರ ಲಾರಿಯಲ್ಲಿ ಸಾಗಿಸಿದರೆ, ಟನ್ನಿಗೆ ಕಿಲೋಮೀಟರಿಗೆ 100 ಗ್ರಾಂ ಹೊಗೆಯೆಂದು ಹಿಡಿದರೂ 120 ಕಿಲೋ ದಾರಿಯಲ್ಲೇ ಕಳೆದುಹೋಗುತ್ತದೆ, ಕಲ್ಲು ಅರೆಯುವ ವಿದ್ಯುತ್ತಿನ ಲೆಕ್ಕ ಬೇರೆ. ಬೆಳಗಾವಿಯ ಬಸಾಲ್ಟಿಗೂ ಅದೇ ಜಿಲ್ಲೆಯ ಮಲೆನಾಡಾದ ಖಾನಾಪುರದ ಮಳೆಗೂ ನಡುವೆ ಅಷ್ಟು ದೂರವಿಲ್ಲ. ಸರ್ಕಾರವೂ ಕೃಷಿ ವಿಶ್ವವಿದ್ಯಾಲಯಗಳೂ ಮೊದಲ ಪ್ರಯೋಗವನ್ನು ಖಾನಾಪುರದ ಭತ್ತದ ಗದ್ದೆಗಳಲ್ಲಿ ಮಾಡಿ, ಗದ್ದೆಯಿಂದ ಹರಿದುಹೋಗುವ ನೀರಿನ ಬೈಕಾರ್ಬೊನೇಟನ್ನು ಪುಡಿ ಹರಡುವ ಮೊದಲೂ ಆಮೇಲೂ ಕೆಲವು ಮಳೆಗಾಲ ಬಿಡದೆ ಅಳೆಯಬೇಕು.