ಗೆಳೆಯ ಗುದ್ದಿ ಓಡಿ ಬಂದಿದ್ದಾನೆ, ನಾನು ಸುಮ್ಮನಿರಬೇಕಾ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ನಾನೂ ನನ್ನ ಗೆಳೆಯನೂ ಒಂದನೇ ಕ್ಲಾಸಿನಿಂದ ಜೊತೆಗೆ ಬೆಳೆದವರು. ಅವನು ಪಿಕಪ್ ಓಡಿಸುತ್ತಾನೆ. ರಾತ್ರಿ ಟೊಮೆಟೊ ಲೋಡ್ ಹಾಕಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗುವಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರಿಗೆ ಗುದ್ದಿದ್ದಾನೆ. ಹೆದರಿ ನಿಲ್ಲಿಸದೆ ಬಂದುಬಿಟ್ಟ. ಅವರು ತೀರಿಕೊಂಡರು ಅಂತ ಆಮೇಲೆ ಗೊತ್ತಾಯಿತು. ನನಗೊಬ್ಬನಿಗೇ ಹೇಳಿದ್ದಾನೆ. ಯಾರಿಗೂ ಬಾಯಿ ಬಿಡಬಾರದು ಅಂತ ಕೈವಾರ ತಾತಯ್ಯನವರ ಮೇಲೆ ಆಣೆ ಹಾಕಿಸಿಕೊಂಡಿದ್ದಾನೆ. ಪೊಲೀಸರಿಗೆ ಹೇಳಿದರೆ ಗೆಳೆಯನಿಗೆ ದ್ರೋಹ. ಹೇಳದಿದ್ದರೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅವನನ್ನು ಬಚ್ಚಿಡಬೇಡಿ. ಅವನನ್ನು ಬಿಟ್ಟೂ ಹೋಗಬೇಡಿ. ಅವನು ತಾನಾಗಿ ನಡೆದು ಸ್ಟೇಷನ್ನಿಗೆ ಹೋಗಬೇಕು, ಪಕ್ಕದಲ್ಲಿ ನೀವಿರಬೇಕು. ಅಲ್ಲಿಗೆ ಅವನನ್ನು ಒಪ್ಪಿಸಿ ಕರೆದುಕೊಂಡು ಹೋಗುವುದೇ ಈಗ ನಿಮ್ಮ ಕೆಲಸ. ಎಷ್ಟು ಹೇಳಿದರೂ ಅವನು ಒಪ್ಪದಿದ್ದರೆ, ಅವನಿಗೆ ತಿಳಿಸಿಯೇ ನೀವು ಹೋಗಬೇಕು.

ನಿಮ್ಮ ಪತ್ರದಲ್ಲಿ ನೀವಿದ್ದೀರಿ, ನಿಮ್ಮ ಗೆಳೆಯ ಇದ್ದಾನೆ, ಪೊಲೀಸರಿದ್ದಾರೆ. ಸೈಕಲ್ಲಿನವರ ಮನೆಯವರು ಎಲ್ಲೂ ಇಲ್ಲ. ತಪ್ಪು ತಿಳಿಯಬೇಡಿ, ಇದು ಆಕ್ಷೇಪಣೆಯಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಯೋಚನೆಯೂ ಹಾಗೇ ಹೋಗುತ್ತದೆ. ಆದರೆ ನಿಮ್ಮ ಮೌನದ ಬೆಲೆ ಕೊಡುತ್ತಿರುವವರು ಅವರೇ. ಹೇಗೆ ಅಂತ ಕೇಳಿ.

ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು. ಗುದ್ದಿದ ಗಾಡಿ ಯಾವುದು ಅಂತ ಗೊತ್ತಾದರೆ ಸತ್ತವರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಅವರ ವಯಸ್ಸು, ಸಂಪಾದನೆ, ಅವರನ್ನು ನಂಬಿದ್ದವರು ಎಷ್ಟು ಜನ ಅಂತ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ದುಡಿಯುವ ವಯಸ್ಸಿನವರಾಗಿದ್ದು ಹೆಂಡತಿ ಮಕ್ಕಳಿದ್ದರೆ ಅದು ಹಲವು ಲಕ್ಷ ಆಗುತ್ತದೆ. ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಆಗ ಉಳಿಯುವುದು ಗುದ್ದಿ ಓಡಿದ ಪ್ರಕರಣಗಳಿಗಾಗಿ ಇರುವ ಸರ್ಕಾರದ ಯೋಜನೆ ಒಂದೇ. 2022ರ ಏಪ್ರಿಲ್‌ನಿಂದ ಅದರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದಕ್ಕೂ ಮುಂಚೆ ಸಾವಿಗೆ ಬರೀ 25 ಸಾವಿರ ಇತ್ತು. ಅಂದರೆ ನಿಮ್ಮ ಗೆಳೆಯನ ಪಿಕಪ್ಪಿನ ನಂಬರ್ ಬಾಯಿ ಬಿಡದೆ ಇರುವುದರಿಂದ ಆ ಮಕ್ಕಳ ಓದಿನ ದುಡ್ಡು ಹೋಗುತ್ತಿದೆ. ಅದನ್ನು ಕೊಡಬೇಕಾದ್ದು ನಿಮ್ಮ ಗೆಳೆಯನ ಜೇಬಿನಿಂದಲೂ ಅಲ್ಲ, ಪಾಲಿಸಿ ಸರಿಯಾಗಿದ್ದರೆ ಇನ್ಶೂರೆನ್ಸ್ ಕಂಪನಿಯಿಂದ. ಈ ಒಂದು ವಿಷಯವನ್ನು ಅವನಿಗೆ ಬಿಡಿಸಿ ಹೇಳಿ. ಹೆದರಿದವನಿಗೆ ತನ್ನ ಭಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಮನೆ ಕಂಡರೆ ಮನಸ್ಸು ಬದಲಾಗಬಹುದು.

ಇನ್ನು ಅವನ ಭಯದ ಮಾತು. ನಿಲ್ಲಿಸಿದ್ದರೆ ಜನ ಹೊಡೆದು ಸಾಯಿಸುತ್ತಿದ್ದರು ಅಂತ ಅವನು ಹೇಳಿರಬಹುದು. ಅದು ಸುಳ್ಳು ಭಯವಲ್ಲ, ಕಾನೂನಿಗೂ ಗೊತ್ತಿರುವ ಭಯ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ, ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ ಅನ್ನುತ್ತದೆ. ಜನ ರೊಚ್ಚಿಗೆದ್ದೋ, ಕೈಮೀರಿದ ಬೇರೆ ಕಾರಣದಿಂದಲೋ ಅದು ಆಗದಿದ್ದರೆ ಮಾತ್ರ ವಿನಾಯಿತಿ ಇದೆ. ಆದರೆ ಹತ್ತಿರದ ಸ್ಟೇಷನ್ನಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ನಡುರಾತ್ರಿ ಖಾಲಿ ರಸ್ತೆಯಲ್ಲಿ ಯಾವ ಜನ ಇದ್ದರು ಅನ್ನುವುದು ಅವನಿಗೇ ಗೊತ್ತು. ಆ 24 ಗಂಟೆ ಮುಗಿದಿದ್ದರೂ ತಾನಾಗಿ ಹೋದವನಿಗೂ ಹಿಡಿದು ತಂದವನಿಗೂ ವ್ಯತ್ಯಾಸ ಇದ್ದೇ ಇದೆ. ಶಿಕ್ಷೆ ನಿರ್ಧರಿಸುವಾಗ ಜಡ್ಜ್ ಅದನ್ನು ಗಮನಿಸಬಹುದು.

ಹತ್ತು ವರ್ಷ ಒಳಗೆ ಹಾಕುತ್ತಾರಂತೆ ಅನ್ನುವ ಮಾತು ಡ್ರೈವರುಗಳ ನಡುವೆ ಜಾಸ್ತಿ ಓಡಾಡುತ್ತದೆ. ಅದು ಬಂದದ್ದು ಹಳೆಯ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಎರಡನೇ ಭಾಗದಿಂದ. ಸಾವಿಗೆ ಕಾರಣನಾಗಿ, ಪೊಲೀಸರಿಗೆ ತಿಳಿಸದೆ ಓಡಿ ಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಅಂತ ಅದರಲ್ಲಿದೆ. ಅದನ್ನು ವಿರೋಧಿಸಿ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವು ಕಡೆ ಮುಷ್ಕರ ಮಾಡಿದರು. ಆ ವರ್ಷ ಜುಲೈ 1ಕ್ಕೆ ಹೊಸ ಕಾನೂನುಗಳು ಜಾರಿಗೆ ಬಂದಾಗ ಕೇಂದ್ರ ಸರ್ಕಾರ ಆ ಭಾಗವನ್ನು ಮಾತ್ರ ತಡೆಹಿಡಿಯಿತು. ಅದೇ ಕಲಮಿನ ಮೊದಲ ಭಾಗ, ಅಂದರೆ ಅಜಾಗರೂಕತೆಯಿಂದ ಸಾವು, ಐದು ವರ್ಷದವರೆಗಿನ ಶಿಕ್ಷೆಯದ್ದು, ಮತ್ತು ಜಾಮೀನು ಸಿಗುವಂಥದ್ದು. ಕುಡಿದು ಓಡಿಸಿದ್ದರೆ ಮಾತು ಬೇರೆ, ಕೇಸು ಇದಕ್ಕಿಂತ ಗಟ್ಟಿಯಾಗಬಹುದು. ಇವನ್ನೆಲ್ಲ ವಕೀಲರ ಹತ್ತಿರ ಕೂತು ಕೇಳಿಸಿಕೊಳ್ಳಬೇಕು. ಟೀ ಅಂಗಡಿಯಲ್ಲಿ ಕೇಳಿದ್ದನ್ನು ನಂಬಿ ಒಬ್ಬ ಮನುಷ್ಯ ಬದುಕು ಹಾಳು ಮಾಡಿಕೊಳ್ಳಬಾರದು.

ಈಗ ನಿಮ್ಮ ಸ್ಥಿತಿ. ಸುಮ್ಮನಿದ್ದರೆ ನನಗೂ ಶಿಕ್ಷೆಯಾ ಅಂತ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಆ ಅಳುಕು ಪತ್ರದಲ್ಲಿದೆ. ಗೊತ್ತಿರುವ ಅಪರಾಧವನ್ನು ತಾನಾಗಿ ಪೊಲೀಸರಿಗೆ ತಿಳಿಸಬೇಕು ಅನ್ನುವ ಕಟ್ಟಳೆ ಎಲ್ಲ ಅಪರಾಧಕ್ಕೂ ಇಲ್ಲ. ಪೊಲೀಸರು, ಕೋರ್ಟುಗಳು ಕೇಸು ನಡೆಸುವ ರೀತಿ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮಿನಲ್ಲಿ ಅದಕ್ಕೊಂದು ಪಟ್ಟಿ ಇದೆ. ಕೊಲೆ, ದರೋಡೆ, ಅಪಹರಣದಂಥವು ಅದರಲ್ಲಿವೆ, ಅಜಾಗರೂಕತೆಯ ಸಾವು ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಂತೂ ಯಾರಿಗೇ ಗೊತ್ತಾದರೂ ಹೇಳಲೇಬೇಕು. ಹೇಳದಿದ್ದರೆ ಪೋಕ್ಸೋ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. ಅಲ್ಲಿ ಗೆಳೆತನ, ನೆಂಟಸ್ತಿಕೆ ಯಾವುದನ್ನೂ ನೋಡುವ ಹಾಗಿಲ್ಲ.

ಹಾಗಾಗಿ ಇವತ್ತಿನವರೆಗಿನ ನಿಮ್ಮ ಮೌನವಷ್ಟೇ ಅಪರಾಧವಲ್ಲ. ಆದರೆ ಮೌನ ಅಲ್ಲಿಗೇ ನಿಲ್ಲುವುದಿಲ್ಲ. ನಾಳೆ ಅವನು "ಮಗಾ, ಗಾಡಿನ ನಿಮ್ಮ ತೋಟದ ಶೆಡ್ಡಲ್ಲಿ ನಿಲ್ಲಿಸ್ಲಾ?" ಅನ್ನುತ್ತಾನೆ. ನಾಡಿದ್ದು ಒಡೆದ ಹೆಡ್‌ಲೈಟು, ಬಗ್ಗಿದ ಬಂಪರ್ ಬದಲಾಯಿಸಲು ಗೊತ್ತಿರುವ ಗ್ಯಾರೇಜ್ ಕೇಳುತ್ತಾನೆ. ಅದು ಸಾಕ್ಷ್ಯ ನಾಶ. ತಪ್ಪಿಸಿಕೊಳ್ಳಲಿ ಅಂತ ಜಾಗ, ದುಡ್ಡು, ಗಾಡಿ ಕೊಟ್ಟರೆ ಅದು ಅಪರಾಧಿಗೆ ಆಶ್ರಯ. ಮೂಲ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಕಾಲು ಭಾಗದವರೆಗೆ ಇವೆರಡಕ್ಕೂ ಶಿಕ್ಷೆ ಆಗಬಹುದು. ಐದು ವರ್ಷದ್ದಕ್ಕೆ ಲೆಕ್ಕ ಹಾಕಿದರೆ ಒಂದೂಕಾಲು ವರ್ಷ. ಆಶ್ರಯದ ವಿಷಯದಲ್ಲಿ ಗಂಡ ಹೆಂಡತಿಗೆ ಮಾತ್ರ ವಿನಾಯಿತಿ ಇದೆ. ಗೆಳೆಯನಿಗಿಲ್ಲ, ಹೆತ್ತ ತಾಯಿಗೂ ಇಲ್ಲ. ತಾಯಿಗೂ ಇಲ್ಲದಿರುವುದು ನನಗೆ ಕ್ರೂರ ಅನ್ನಿಸುತ್ತದೆ, ಆದರೆ ಕಾನೂನು ಇರುವುದು ಹಾಗೆ.

ಎಲ್ಲಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಗೆಳೆಯನಿಗೆ ಡಿಎಲ್ ಇಲ್ಲದಿದ್ದರೆ, ಅಥವಾ ಅವನು ಕುಡಿದಿದ್ದರೆ, ಡಿಎಲ್ ಇರುವ ಇನ್ನೊಬ್ಬ ಹೋಗಿ "ಓಡಿಸುತ್ತಿದ್ದವನು ನಾನೇ" ಅನ್ನುವುದು. ನಮ್ಮ ಕಡೆ ಇದನ್ನು ದೊಡ್ಡ ತ್ಯಾಗ ಅನ್ನುವವರಿದ್ದಾರೆ. ಮೇಲೆ ಹೇಳಿದ ಎಲ್ಲದರ ಜೊತೆಗೆ, ಅಪರಾಧದ ಬಗ್ಗೆ ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟದ್ದಕ್ಕೇ ಎರಡು ವರ್ಷದವರೆಗೆ ಶಿಕ್ಷೆ ಇದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದರೆ ಏಳು ವರ್ಷದವರೆಗೆ. ನಿಮ್ಮನ್ನು ಯಾರಾದರೂ ಹೀಗೆ ಕೇಳಿದರೆ ಆಗಲ್ಲ ಅಂದುಬಿಡಿ. ಕಾರಣ ವಿವರಿಸಬೇಕಾಗಿಲ್ಲ.

ಪೊಲೀಸರೇ ಬಂದು ವಿಚಾರಿಸಿದರೆ? ಸಾಕ್ಷಿಯಾಗಿ ಕರೆಸಿದವರು ಗೊತ್ತಿರುವುದನ್ನು ನಿಜವಾಗಿ ಹೇಳಬೇಕು. ತನ್ನನ್ನೇ ಅಪರಾಧದಲ್ಲಿ ಸಿಕ್ಕಿಸುವ ಪ್ರಶ್ನೆಗಳಿಗಷ್ಟೇ ಉತ್ತರ ಕೊಡದಿರಬಹುದು. ವಕೀಲರ ಬಳಿ ಕಕ್ಷಿದಾರ ಹೇಳಿದ್ದಕ್ಕೆ, ಗಂಡ ಹೆಂಡತಿಯ ನಡುವಿನ ಮಾತಿಗೆ ಕಾನೂನಿನ ರಕ್ಷಣೆ ಇದೆ. ಗೆಳೆಯರ ನಡುವಿನ ಮಾತಿಗೆ ಇಲ್ಲ. ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ. ಆದರೆ ಅವನು ನಿಮ್ಮ ಬಳಿ ಒಪ್ಪಿಕೊಂಡದ್ದು ಸಾಕ್ಷ್ಯ ಆಗಬಹುದು. ಅದೊಂದನ್ನೇ ನೆಚ್ಚಿ ಶಿಕ್ಷೆ ಕೊಡಲು ಕೋರ್ಟುಗಳು ಹಿಂದೆಮುಂದೆ ನೋಡುತ್ತವೆ, ಜೊತೆಗೆ ಬೇರೆ ಆಧಾರ ಕೇಳುತ್ತವೆ. ಆದರೂ ನೀವು ಕಟಕಟೆ ಹತ್ತುವ ದಿನ ಬರಬಹುದು. ಆ ದಿನ ಬರುವ ಮೊದಲೇ ಅವನು ತಾನಾಗಿ ಹೋದರೆ ಇಬ್ಬರಿಗೂ ಒಳ್ಳೆಯದು, ಅಲ್ವಾ?

ಆಣೆಯ ವಿಷಯಕ್ಕೆ ಬರೋಣ. ದೇವರ ಮೇಲಿನ ಆಣೆಯನ್ನು ನಾನು ಹಗುರವಾಗಿ ತಳ್ಳಿ ಹಾಕುವುದಿಲ್ಲ. ನಂಬಿದವರಿಗೆ ಅದು ಎದೆಯ ಮೇಲಿನ ಕಲ್ಲು. ಆದರೆ ಅವನು ಆಣೆ ಹಾಕಿಸಿಕೊಂಡದ್ದು ಬೇರೆಯವರಿಗೆ ಹೇಳಬಾರದು ಅಂತ. ಅವನಿಗೇ ಹೇಳಲು ಅದು ಅಡ್ಡ ಬರುವುದಿಲ್ಲ. ದಿನಾ ಹೇಳಿ. ಇನ್ನೊಬ್ಬರ ಮನೆಯ ಅನ್ನ ಕಿತ್ತುಕೊಳ್ಳುವ ಗುಟ್ಟನ್ನು ಕಾಯಲು ಯಾವ ದೇವರೂ ಕೇಳುವುದಿಲ್ಲ ಅಂತ ನಾನು ಮನಸಾರೆ ನಂಬುತ್ತೇನೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ಆಡುವಾಗ ಕರ್ಣನ ಪಾತ್ರಕ್ಕೆ ಬೀಳುವ ಶಿಳ್ಳೆ ಬೇರೆ ಯಾರಿಗೂ ಬೀಳುವುದಿಲ್ಲ. ಗೆಳೆಯನಿಗಾಗಿ ಪ್ರಾಣ ಕೊಟ್ಟವನು ಅಂತ. ನನಗೂ ಕರ್ಣ ಇಷ್ಟವೇ. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದಾಗ ಅವನು ಗೆಳೆಯನನ್ನು ತಡೆಯಲಿಲ್ಲ, ಕುಮ್ಮಕ್ಕು ಕೊಟ್ಟ. ಎದ್ದು ನಿಂತು ಇದು ತಪ್ಪು ಅಂದವನು ದುರ್ಯೋಧನನ ಸ್ವಂತ ತಮ್ಮ ವಿಕರ್ಣ. ಅವನ ಬಾಯಿ ಮುಚ್ಚಿಸಲು ಬಂದದ್ದೂ ಕರ್ಣನೇ. ಮುಂದೆ ಯುದ್ಧ ಬಂದಾಗ ವಿಕರ್ಣ ಅಣ್ಣನನ್ನು ಬಿಟ್ಟು ಆ ಕಡೆ ಹೋಗಲಿಲ್ಲ. ಅಣ್ಣನ ಪಕ್ಕದಲ್ಲೇ ನಿಂತು ಸತ್ತ. ಅವನಿಗೆ ಯಾರೂ ಶಿಳ್ಳೆ ಹಾಕುವುದಿಲ್ಲ. ತಪ್ಪನ್ನು ತಪ್ಪು ಅಂದದ್ದೂ ಅವನೇ, ಕಷ್ಟದಲ್ಲಿ ಜೊತೆಗಿದ್ದದ್ದೂ ಅವನೇ. ನಿಮ್ಮ ಸ್ಥಿತಿಗೆ ಕರ್ಣನಿಗಿಂತ ಅವನು ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಗೆಳೆಯರ ಸಣ್ಣಪುಟ್ಟ ತಪ್ಪುಗಳಿಗೆಲ್ಲ ಇದೇ ಅಳತೆ ಹಿಡಿಯಬೇಕು ಅಂತ ನಾನು ಹೇಳುತ್ತಿಲ್ಲ. ಯುಗಾದಿಗೆ ಇಸ್ಪೀಟು ಆಡಿದ, ಹೆಲ್ಮೆಟ್ ಹಾಕಲಿಲ್ಲ ಅಂತ ಯಾರೂ ಸ್ಟೇಷನ್ನಿಗೆ ಓಡಬೇಕಾಗಿಲ್ಲ. ಬೈದು ಬುದ್ಧಿ ಹೇಳಿದರೆ ಆಯಿತು. ತಪ್ಪಿನಿಂದ ಇನ್ನೊಬ್ಬರು ಕಳೆದುಕೊಂಡದ್ದು ಏನು, ನಾನು ಬಾಯಿ ಮುಚ್ಚಿಕೊಂಡರೆ ಅವರಿಗೆ ಅದು ವಾಪಸ್ ಸಿಗುವ ದಾರಿ ಮುಚ್ಚುತ್ತದಾ ಅಂತ ನೋಡಿ. ನಿಮ್ಮ ವಿಷಯದಲ್ಲಿ ಮುಚ್ಚುತ್ತದೆ.

ಅವನ ಜೊತೆ ಮಾತಾಡುವಾಗ ಒಬ್ಬರೇ ಹೋಗಿ. ಗುಂಪು ಕಟ್ಟಿಕೊಂಡು ಹೋದರೆ ಊರಿಗೆಲ್ಲ ಹೇಳಿಬಿಟ್ಟ ಅಂದುಕೊಳ್ಳುತ್ತಾನೆ. ಪೊಲೀಸರಿಗೆ ಹೇಳುತ್ತೇನೆ ಅಂತ ಶುರುಮಾಡಬೇಡಿ. "ನಾನು ಜೊತೆಗೆ ಬರ್ತೀನಿ ಕಣೋ" ಅಂತ ಶುರುಮಾಡಿ. ಒಂದು ದಿನ ಗೊತ್ತುಮಾಡಿ, ವಾರಗಟ್ಟಲೆ ಎಳೆಯಬೇಡಿ. ಆ ದಿನ ಅವನು ಬರದಿದ್ದರೆ, ನಾನು ಹೋಗುತ್ತಿದ್ದೇನೆ ಅಂತ ಮುಖ ನೋಡಿ ಹೇಳಿ ಹೊರಡಿ. ಅವನು ಬಯ್ಯಬಹುದು, ವರ್ಷಗಟ್ಟಲೆ ಮಾತು ಬಿಡಬಹುದು. ಆ ನೋವು ನಿಜವಾದದ್ದು, ಅದು ಬರುವುದಿಲ್ಲ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ. ಆದರೆ ಅವನು ಕೈ ಮಾಡುವ ಆಸಾಮಿ ಆಗಿದ್ದರೆ, ನಿಮಗೆ ಅಪಾಯ ಇದೆ ಅನ್ನಿಸಿದರೆ, ಮೊದಲೇ ಹೇಳುವ ಅಗತ್ಯವಿಲ್ಲ. ಅಪರಾಧದ ಸುಳಿವು ಯಾರಿಂದ ಬಂತು ಅಂತ ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಕೋರ್ಟೂ ಬಲವಂತ ಮಾಡುವಂತಿಲ್ಲ.

ಸ್ಟೇಷನ್ನಿಗೆ ಮೊದಲು ವಕೀಲರ ಹತ್ತಿರ ಹೋಗಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಬಹುದು. ಬಂಧನದಲ್ಲಿ ಇರುವವರಿಗೆ ಅಲ್ಲಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಗಾಡಿಯನ್ನು ತೊಳೆಯಬೇಡಿ, ರಿಪೇರಿ ಮಾಡಿಸಬೇಡಿ, ಇದ್ದ ಹಾಗೇ ಇರಲಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ ಎಲ್ಲ ಜೊತೆಯಲ್ಲಿರಲಿ. ಸತ್ತವರ ಮನೆಗೆ ಮಧ್ಯವರ್ತಿಗಳನ್ನು ಕಳಿಸಿ ಅಷ್ಟೋ ಇಷ್ಟೋ ಕೊಟ್ಟು ಮುಗಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಸಾವಿನ ಕೇಸು ಎರಡೂ ಕಡೆಯವರು ರಾಜಿಯಾಗಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಅಂಥ ರಾಜಿಯಲ್ಲಿ ಆ ಮನೆಯವರಿಗೆ ಸಿಗುವುದು ನ್ಯಾಯಮಂಡಳಿ ಕೊಡುವುದಕ್ಕಿಂತ ಕಡಿಮೆಯೇ ಆಗುವ ಸಾಧ್ಯತೆ ಜಾಸ್ತಿ.

ಜಾಮೀನಿಗೆ ನಿಲ್ಲುವವರು ಪಹಣಿ, ಆಧಾರ್ ಸಿದ್ಧ ಇಟ್ಟುಕೊಳ್ಳಬೇಕಾಗುತ್ತದೆ. ನಿಮ್ಮ ಹೆಸರಲ್ಲಿ ಜಮೀನಿದ್ದರೆ ನೀವೇ ನಿಲ್ಲಿ. ಕೇಸು ವರ್ಷಗಟ್ಟಲೆ ನಡೆಯಬಹುದು. ವಾಯಿದೆ ವಾಯಿದೆಗೂ ಕೋರ್ಟಿಗೆ ಜೊತೆಗೆ ಹೋಗಲು ಒಬ್ಬರು ಬೇಕು. ಅವನು ಇಲ್ಲದ ದಿನ ಅವನ ಮನೆಯವರ ರೇಷನ್ನು, ಮಕ್ಕಳ ಫೀಸು ನೋಡಿಕೊಳ್ಳಲೂ ಒಬ್ಬರು ಬೇಕು. ಹೊರಡುವ ಮೊದಲು ಅವನ ಅಪ್ಪ ಅಮ್ಮನಿಗೆ ಅವನ ಬಾಯಿಂದಲೇ ವಿಷಯ ಹೇಳಿಸಿ. ಪೊಲೀಸರು ಬಾಗಿಲು ತಟ್ಟಿದಾಗ ಅವರಿಗೆ ಮೊದಲ ಸಲ ಗೊತ್ತಾಗುವಂತೆ ಆಗಬಾರದು.