ಕತ್ತಿನ ಡಾಪ್ಲರ್: ಶೇಕಡಾ ಲೆಕ್ಕ ಹೇಳದ ಮಾತು

“ಪೇಪರ್ ಓದ್ತಾ ಕೂತಿದ್ದೆ ಡಾಕ್ಟ್ರೇ, ಬಲಗಣ್ಣಿಗೆ ಯಾರೋ ಪರದೆ ಎಳೆದ ಹಾಗಾಯ್ತು. ಐದು ನಿಮಿಷಕ್ಕೆ ಸರಿಹೋಯ್ತು. ಅದಕ್ಕೆ ಕತ್ತಿನ ಸ್ಕ್ಯಾನಿಂಗ್ ಯಾಕೆ?” ನಿವೃತ್ತ ಮೇಷ್ಟ್ರು ಕೇಳಿದರು. ಕನ್ನಡಕ ಬದಲಾಯಿಸಬೇಕೇನೋ ಎಂದು ಕಣ್ಣಿನ ಡಾಕ್ಟರ ಬಳಿ ಹೋದವರನ್ನು ಅವರು ಅಂದೇ ನನ್ನ ಹತ್ತಿರ ಕಳಿಸಿದ್ದರು. ಆ ವೈದ್ಯರಿಗೆ ನಾನು ಕೃತಜ್ಞ.

ಕತ್ತಿನ ಎರಡೂ ಬದಿ ಕ್ಯಾರೋಟಿಡ್ ಎಂಬ ದೊಡ್ಡ ರಕ್ತನಾಳ ಮೇಲೇರುತ್ತದೆ. ದವಡೆಯ ಕೆಳಗೆ ಅದು ಕವಲೊಡೆದು ಒಂದು ಮುಖಕ್ಕೆ, ಇನ್ನೊಂದು ಮಿದುಳಿಗೆ ಹೋಗುತ್ತದೆ. ಕಣ್ಣಿನ ರಕ್ತನಾಳ ಹುಟ್ಟುವುದು ಮಿದುಳಿನ ಕವಲಿನಿಂದಲೇ. ಕವಲೊಡೆಯುವ ಜಾಗ ಸ್ವಲ್ಪ ಉಬ್ಬಿರುತ್ತದೆ. ಅಲ್ಲಿ ಹೊರಗೋಡೆಯ ಪಕ್ಕ ರಕ್ತ ಸುಳಿದು ನಿಧಾನವಾಗುತ್ತದೆ. ಹೊಳೆ ನಿಧಾನವಾದಲ್ಲಿ ಹೂಳು ನಿಲ್ಲುವಂತೆ, ಕೊಬ್ಬಿನ ಪ್ಲಾಕ್ ಹೆಚ್ಚಾಗಿ ಕಟ್ಟುವುದು ಅಲ್ಲೇ. ಅದರ ಚೂರೊಂದು ಕಿತ್ತು ಕಣ್ಣಿಗೆ ಹೋದರೆ ಪರದೆ ಎಳೆದಂತಾಗುತ್ತದೆ, ಮಿದುಳಿಗೆ ಹೋದರೆ ಲಕ್ವ.

ಧ್ವನಿ ತರಂಗಗಳಿಂದ ನಾಳವನ್ನೂ ರಕ್ತದ ಹರಿವನ್ನೂ ನೋಡುವ ಸ್ಕ್ಯಾನೇ ಡಾಪ್ಲರ್. ಅದರ ಪರದೆಯ ಮೇಲೆ ರಕ್ತನಾಳದ ಗೋಡೆ ಬಿಳಿ ಗೆರೆಯಾಗಿ ಕಾಣುತ್ತದೆ, ಒಳಗಿನ ರಕ್ತ ಕಪ್ಪಾಗಿ. ಕ್ಯಾಲ್ಸಿಯಂ ಕಟ್ಟಿದ ಹಳೆಯ ಪ್ಲಾಕ್ ಬೆಳ್ಳಗೆ ಹೊಳೆದು ಹಿಂದೆ ನೆರಳು ಚೆಲ್ಲುತ್ತದೆ. ಯಾರ ಕಣ್ಣಿಗಾದರೂ ಬೀಳುತ್ತದೆ. ಮೋಸ ಮಾಡುವುದು ಕಪ್ಪು ಪ್ಲಾಕ್. ಮೆತ್ತನೆಯ ಕೊಬ್ಬು ಅಥವಾ ಒಳಗೇ ಆದ ರಕ್ತಸ್ರಾವ ತುಂಬಿಕೊಂಡಿರುವ ಅದು ರಕ್ತದ ಕಪ್ಪಿನಲ್ಲೇ ಬೆರೆತು ಹೋಗುತ್ತದೆ. ಕಲಿಯುವ ಕಾಲದಲ್ಲಿ ಅಂಥದೊಂದನ್ನು ನೋಡಿಯೂ “ನಾರ್ಮಲ್” ಎಂದಿದ್ದೆ. ನನ್ನ ಗುರುಗಳು ಏನೂ ಹೇಳದೆ, ಹರಿಯುವ ರಕ್ತವನ್ನು ಬಣ್ಣದಲ್ಲಿ ತೋರಿಸುವ ಕಲರ್ ಬಟನ್ ಒತ್ತಿದರು. ನಾಳದ ತುಂಬ ಹರಿಯಬೇಕಿದ್ದ ಬಣ್ಣ ಒಂದು ಪಕ್ಕಕ್ಕೆ ಒತ್ತರಿಸಿಕೊಂಡು ಸಣ್ಣ ದಾರವಾಗಿ ಹೋಯಿತು. ಅಂದಿನಿಂದ ಕಲರ್ ಹಾಕದೆ ಯಾವ ಕತ್ತನ್ನೂ ನಾನು ಬಿಟ್ಟಿಲ್ಲ.

ಎಷ್ಟು ಕಿರಿದಾಗಿದೆ ಎಂಬುದನ್ನು ಮುಖ್ಯವಾಗಿ ರಕ್ತದ ವೇಗದಿಂದ ಅಂದಾಜು ಮಾಡುತ್ತೇವೆ. ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟರೆ ನೀರು ಚಿಮ್ಮುವ ಹಾಗೆಯೇ ಇದು. 2003ರಲ್ಲಿ ಅಮೆರಿಕದ ತಜ್ಞರು ಒಪ್ಪಿದ ಅಳತೆ ಇಂದಿಗೂ ಬಳಕೆಯಲ್ಲಿದೆ: ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ನಾಳ ಕನಿಷ್ಠ 50% ಕಿರಿದಾಗಿದೆ, 230 ದಾಟಿದರೆ 70% ಅಥವಾ ಹೆಚ್ಚು. ಧ್ವನಿ ತರಂಗಕ್ಕೂ ರಕ್ತದ ಹರಿವಿಗೂ ನಡುವಿನ ಡಾಪ್ಲರ್ ಕೋನ 60 ಡಿಗ್ರಿ ಮೀರಿದರೆ ಈ ಲೆಕ್ಕ ಕೈಕೊಡುತ್ತದೆ. ನಾಳ ಪೂರ್ತಿ ಮುಚ್ಚುವ ಹಂತಕ್ಕೆ ಬಂದರೆ ವೇಗವೇ ಇಳಿದುಬಿಡಬಹುದು. ಆಗ ಬರೀ ಸಂಖ್ಯೆ ನೋಡಿದವರು ಮೋಸ ಹೋಗುತ್ತಾರೆ.

ಮೇಷ್ಟ್ರ ಬಲಬದಿಯಲ್ಲಿ ವೇಗ 180 ಇತ್ತು. ಎಂದರೆ 50ರಿಂದ 69%. “ಅರ್ಧ ಚಿಲ್ಲರೆ ಅಲ್ವಾ, ಮಾತ್ರೆ ಸಾಕಲ್ಲ?” ಎಂದರು ಮಗ. ಆದರೆ ಪ್ಲಾಕ್ ಬಹುಪಾಲು ಕಪ್ಪು, ಮೇಲ್ಮೈ ಒಂದು ಕಡೆ ಕಿತ್ತು ಗುಳಿಬಿದ್ದಿತ್ತು. ಮೇಲಾಗಿ ಲಕ್ಷಣ ಆಗಲೇ ಕಾಣಿಸಿಕೊಂಡಿತ್ತು. ಇದನ್ನೆಲ್ಲ ರಿಪೋರ್ಟಿನ ಮೊದಲ ಸಾಲಲ್ಲೇ ಬರೆದು, ನರರೋಗ ತಜ್ಞರಿಗೆ ಅಂದೇ ಫೋನ್ ಮಾಡಿದೆ. ಲಕ್ಷಣ ಕಂಡವರಿಗೆ ಪ್ಲಾಕ್ ತೆಗೆಯುವ ಆಪರೇಷನ್ ಬೇಕಿದ್ದರೆ ಎರಡು ವಾರದೊಳಗೆ ಮಾಡಿದರೇ ಹೆಚ್ಚು ಪ್ರಯೋಜನ. ಕಾದಷ್ಟೂ ಲಾಭ ಕರಗುತ್ತದೆ.

ಹಾಗೆಂದು ಏನೂ ತೊಂದರೆಯಿಲ್ಲದವರು ಹೆಲ್ತ್ ಪ್ಯಾಕೇಜ್‌ನಲ್ಲಿ ಈ ಸ್ಕ್ಯಾನ್ ಸೇರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದರಿಂದ ಬೇಡದ ಪರೀಕ್ಷೆ, ಬೇಡದ ಆಪರೇಷನ್‌ಗಳ ದಾರಿ ತೆರೆಯುತ್ತದೆ. ಲಕ್ವದ ಲಕ್ಷಣ ಇದ್ದವರು ಕತ್ತು ನಾರ್ಮಲ್ ಎಂದು ನಿರಾಳವಾಗುವುದೂ ಬೇಡ. ನಮ್ಮ ಏಷ್ಯಾದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಹೆಚ್ಚು, ಕತ್ತಿನ ಪ್ರೋಬ್‌ಗೆ ಅದು ಸಿಗುವುದಿಲ್ಲ.

ಮೇಷ್ಟ್ರಿಗೆ ಒಂಬತ್ತನೇ ದಿನ ಆಪರೇಷನ್ ಆಯಿತು. ಸರ್ಜನ್ ಕಳಿಸಿದ ಫೋಟೋದಲ್ಲಿ ಹಳದಿ ಪ್ಲಾಕ್‌ನ ನಡುವೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತವಿತ್ತು. ನಾನು ಪರದೆಯಲ್ಲಿ ಗುಳಿ ಕಂಡಿದ್ದ ಜಾಗ ಅದೇ.